ಹೂವಿಲ್ಲದ ಸೀತಾಳೆ

ಆ ಚಿತ್ರ ಕಚೇರಿಯ ಹೆಬ್ಬಾಗಿಲಿಗೆ ಅಂಟಿಕೊಂಡಿದ್ದನ್ನು ಮೊದಲು ಕಂಡವನು ಕಾವಲಿನ ಪ್ಯಾದೆ. ಅವನ ಕಣ್ಣಿಗೆ ಅದು ನಾಲ್ಕು ಗರಿ ಹುಲ್ಲು. ಅದು ಹುಲ್ಲಲ್ಲ, ಒಬ್ಬನ ತಲೆ ಹೋಗುವಂಥ ಚಿತ್ರ ಎಂದು ಮೊದಲು ಹೇಳಿದವನು ನಾನು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವತ್ತು ಎದೆಯುಬ್ಬಿಸಿಯೇ ಹೇಳಿದ್ದೆ.

ನನ್ನ ಹೆಸರು ತಾಕ್. ಸಾಂಚೊನ್ ಊರಿನವರು ನನ್ನನ್ನು ಪಂಡಿತ ಎನ್ನುತ್ತಾರೆ. ರಾಜಧಾನಿಯ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಸೋತು ಬಂದವನನ್ನು ಬೇರೆ ಏನೆಂದು ಕರೆದಾರು? ಊರಿನಲ್ಲಿ ಬಿಡಿಸಲಾಗದ ಕಳವೋ ಕೊಲೆಯೋ ಆದಾಗ ಅಮಲ್ದಾರರು ನನ್ನನ್ನು ಕರೆಸುವುದು ಓದಿ ಹೇಳಲು. ಕಂಡುಹಿಡಿಯಲು ಕರೆಸುವುದು ಮಸಿ ಮಾಡುವ ಚಿಲ್ಬೊಕ್‌ನನ್ನು. ಪೈನ್ ಮರದ ಕಾಡಿಗೆಗೆ ಸರೇಸಿನ ಅಂಟು ಕಲಸಿ ಮಸಿಕಡ್ಡಿ ತಟ್ಟುವ ಕೆಳಕುಲದವನು, ಒಂದಕ್ಷರ ಬಾರದವನು. ಹನ್ನೊಂದು ವರ್ಷದಿಂದ ಅವನ ಹಿಂದೆ ತಿರುಗಿ ಅವನು ಬಿಡಿಸಿದ ಒಗಟುಗಳನ್ನೆಲ್ಲ ಬರೆದಿಟ್ಟಿದ್ದೇನೆ. ಅವನನ್ನು ಬಿಟ್ಟಿರಲಾರೆ, ಅವನ ಬುದ್ಧಿ ಕಂಡರೆ ಹೊಟ್ಟೆ ಉರಿಯುತ್ತದೆ. ಎರಡೂ ನಿಜ.

ಅಂದು ಬೆಳಿಗ್ಗೆ ಅಮಲ್ದಾರರು ಚಿತ್ರವನ್ನು ಜಗಲಿಯ ಮೇಲೆ ಹರಡಿಕೊಂಡು ಕೂತಿದ್ದರು.

"ಬನ್ನಿ ತಾಕ್ ಪಂಡಿತ್ರೆ. ಯಾರೋ ನಮ್ಮ ಬಾಗಿಲಿಗೆ ಹುಲ್ಲು ಅಂಟಿಸಿ ಹೋಗಿದಾರೆ. ನಮ್ಮನ್ನೇನು ಎತ್ತು ಅಂದ್ಕೊಂಡ್ರೋ?"

"ಇದು ಹುಲ್ಲಲ್ಲ ಸ್ವಾಮಿ, ಸೀತಾಳೆ. ಬೇರು ನೋಡಿ. ಬೇರಿನ ಕೆಳಗೆ ಮಣ್ಣೇ ಇಲ್ಲ," ಎಂದೆ.

ನಮ್ಮ ಕಡೆ ಓದಿದವರು ಸೀತಾಳೆ ಬರೆಯುವುದು ಚಂದಕ್ಕಲ್ಲ. ಯಾರೂ ಕಾಣದ ಕಣಿವೆಯಲ್ಲೂ ಕಂಪು ಬೀರುವ ಗಿಡ, ಸಜ್ಜನನ ಗುರುತು. ಹಿಂದೊಮ್ಮೆ ಪಕ್ಕದ ದೇಶ ಪರರ ಪಾಲಾದಾಗ ಅಲ್ಲಿಯ ಒಬ್ಬ ನಿಷ್ಠಾವಂತ ಸೀತಾಳೆಯನ್ನು ಮಣ್ಣಿಲ್ಲದೆ ಬರೆದನಂತೆ. ಯಾಕೆಂದು ಕೇಳಿದ್ದಕ್ಕೆ, ಮಣ್ಣನ್ನು ಕಳ್ಳರು ಹೊತ್ತುಕೊಂಡು ಹೋದರಲ್ಲ ಎಂದನಂತೆ. ಆ ಚಿತ್ರವನ್ನು ನಮ್ಮ ದೊರೆಯ ಕಚೇರಿಯ ಬಾಗಿಲಿಗೆ ಅಂಟಿಸಿದರೆ ದೊರೆಯನ್ನೇ ಕಳ್ಳ ಎಂದ ಹಾಗೆ. ಅದು ರಾಜದ್ರೋಹ.

ಅಮಲ್ದಾರರ ನಗು ಇಳಿಯಿತು. ನನಗೆ ಹುರುಪು ಏರಿತು. ಕೇಳದಿದ್ದರೂ ಮುಂದುವರಿಸಿದೆ. "ಹೂವೂ ಇಲ್ಲ ನೋಡಿ. ಬರೀ ಎಲೆ. ದೊರೆಗೆ ಗಂಡು ಸಂತಾನ ಇಲ್ಲ ಅಂತ ಹಂಗಿಸಿದ್ದು. ಬೇರಿನ ಕೆಳಗೆ ಸಾಲಾಗಿ ಕೂದಲೆಳೆಯಂಥ ಗೀರುಗಳಿವೆಯಲ್ಲ, ನೆಲೆಯಿಲ್ಲದೆ ಗಾಳಿಗೆ ತೂಗಾಡ್ತಾ ಇದೆ ಅನ್ನೋ ಭಾವ." ಗುಮಾಸ್ತ ಎಲ್ಲವನ್ನೂ ಬರೆದುಕೊಂಡ.

"ಕೈ ಯಾರದು?"

ಅದನ್ನು ಹೇಳಲು ನನಗೆ ಕಣ್ಣು ಮುಚ್ಚಿಕೊಂಡರೂ ಆಗುತ್ತಿತ್ತು. ಒಂದೇ ಎಲೆ ಮೂರು ಕಡೆ ದಪ್ಪವಾಗಿ ಮೂರು ಕಡೆ ತೆಳ್ಳಗಾಗಿ ತಿರುಗುವುದು ಜಿನ್ ಗುರುಗಳ ಮನೆಯ ಪಾಠ. ಗುರುಗಳಿಗೆ ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ ಬಿದ್ದಿದೆ. ಉಳಿದವರು ಮೂವರು ಶಿಷ್ಯರು: ಹಿರಿಯ ತೇಗ್ಯೊಮ್, ನಡುವಿನ ಮಾನ್ಪಿಲ್, ಕಿರಿಯ ಸೊಕ್ಜು. ತೇಗ್ಯೊಮ್ ಅಪ್ಪ ತೀರಿಕೊಂಡ ಮೇಲೆ ಬೆಟ್ಟದ ಬುಡದ ಸಮಾಧಿಯ ಪಕ್ಕ ಗುಡಿಸಲು ಹಾಕಿಕೊಂಡು ಶೋಕವ್ರತದಲ್ಲಿದ್ದಾನೆ, ಎರಡು ವರ್ಷದಿಂದ ಕುಂಚ ಮುಟ್ಟಿಲ್ಲ. ಅವನ ಪಿತೃಭಕ್ತಿಗಾಗಿ ಕಲ್ಲಿನ ದ್ವಾರ ಕಟ್ಟಿಸಬೇಕೆಂದು ಊರವರು ಆಗಲೇ ದೊರೆಗೆ ಮನವಿ ಬರೆದಿದ್ದರು.

"ಮೂವತ್ತು ವರ್ಷದ ಹಿಂದೆ ನಿಮ್ಮನ್ನೂ ಅಲ್ಲಿಂದ ಓಡಿಸಿದ್ರಂತಲ್ಲ?" ಎಂದು ಅಮಲ್ದಾರರು ಹುಬ್ಬು ಹಾರಿಸಿದರು.

"ಓಡಿಸ್ಲಿಲ್ಲ, ನಾನೇ ಬಿಟ್ಟೆ," ಎಂದೆ. ಅರ್ಧ ಸುಳ್ಳು.

ಮಧ್ಯಾಹ್ನದೊಳಗೆ ಸೊಕ್ಜುವಿನ ಕೋಣೆಯಲ್ಲಿ ಅದೇ ಕಾಗದ, ಅದೇ ನೀಲಿಛಾಯೆಯ ಅಗ್ಗದ ಮಸಿ ಸಿಕ್ಕಿತು. ಅವನು ಇಟ್ಟುಕೊಂಡವಳ ಮಗ. ಎಷ್ಟು ಓದಿದರೂ ಪರೀಕ್ಷೆಗೆ ಕೂರುವಂತಿಲ್ಲ, ಹೆತ್ತವನನ್ನು ಅಪ್ಪ ಎಂದು ಕರೆಯುವಂತಿಲ್ಲ. ದೊರೆಯ ಮೇಲೆ ಸಿಟ್ಟಿರಲು ಇದಕ್ಕಿಂತ ಕಾರಣ ಬೇಕೆ? ಕುತ್ತಿಗೆಗೆ ಕೈದಿಗಳ ಭಾರದ ಮರದ ಹಲಗೆ ತೊಡಿಸಿ ಅವನನ್ನು ಸೆರೆಗೆ ಒಯ್ದರು.

ನನಗೆ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಮುಚ್ಚಿಟ್ಟು ಏನು ಪ್ರಯೋಜನ? ಇಪ್ಪತ್ನಾಲ್ಕರ ಹುಡುಗ. ನಾನು ಐದು ವರ್ಷ ಬೆವರು ಸುರಿಸಿದರೂ ಬಾರದ ಎಲೆ ಅವನ ಕೈಯಲ್ಲಿ ಉಸಿರು ಬಿಟ್ಟಷ್ಟು ಸಲೀಸಾಗಿ ಬರುತ್ತಿತ್ತು. ಲಕ್ವ ಹೊಡೆದ ಮೇಲೆ ಗುರುಗಳು ತಾವು ಮಸಿ ತೇಯುತ್ತಿದ್ದ ಮಸಿಗಲ್ಲನ್ನು, ತಮ್ಮ ವಿದ್ಯೆಯ ವಾರಸುದಾರ ಎನ್ನುವ ಹಾಗೆ, ಅವನ ಕೈಗೇ ಇಟ್ಟರು. ಆ ಸುದ್ದಿ ಕೇಳಿದ ದಿನ ನನಗೆ ಅನ್ನ ಸೇರಿರಲಿಲ್ಲ.

ಮಾರನೆಯ ದಿನ ಚಿಲ್ಬೊಕ್‌ನ ಮಸಿಗುಡಿಸಲಿನಲ್ಲಿ ಬೆಚ್ಚಗೆ ಕೂತಿದ್ದೆ. ಅಲ್ಲಿಗೆ ಸೊಕ್ಜುವಿನ ತಾಯಿ ಬಂದಳು. ಇನ್ನೊಬ್ಬರ ಅಡುಗೆಮನೆಯಲ್ಲೇ ಜೀವ ತೇದ ಹೆಂಗಸು. ಬಂದವಳೇ ಕಾಡಿಗೆ ತುಂಬಿದ ನೆಲದ ಮೇಲೆ ಕುಸಿದಳು.

"ಚಿಲ್ಬೊಕಣ್ಣ, ನಾಳೆ ಮಧ್ಯಾಹ್ನ ಅಮಲ್ದಾರ್ರ ಕಾಗದ ಪ್ರಾಂತಾಧಿಕಾರಿಗೆ ಹೊರಡುತ್ತಂತೆ. ಅದು ಹೋಯ್ತು ಅಂದ್ರೆ ಬರೋದು ನನ್ನ ಮಗನ ತಲೆ ತೆಗಿಯೋ ಅಪ್ಪಣೆ. ಅವನು ಮಾಡಿಲ್ಲ ಕಣಣ್ಣ. ಕೇಳಿದ್ರೆ ಬಾಯೇ ಬಿಡ್ತಿಲ್ಲ."

"ಅಳಬ್ಯಾಡ ಕಣವ್ವ, ಏಳು. ಕಾಗದದ ಮೇಲೆ ಅಂಥದ್ದೇನು ಬರ್ದವ್ರೆ?"

"ಹೂವಿಲ್ಲ, ಬೇರು ಗಾಳಿಗೆ ತೂಗ್ತದೆ, ಅದಕ್ಕೆ ಎರಡು ಪಟ್ಟು ದ್ರೋಹ ಅಂತ ಯಾರೋ ಪಂಡಿತ್ರು ಅರ್ಥ ಹೇಳಿದ್ರಂತೆ." ನಾನೇ ಆ ಪಂಡಿತ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬಾಗಿಲ ಕಡೆ ನೋಡುತ್ತ ಕೂತೆ.

ಚಿಲ್ಬೊಕ್ ನನ್ನ ಮುಖವನ್ನು ಒಮ್ಮೆ ನೋಡಿದ. ಕೈಯನ್ನು ಚಿಂದಿಗೆ ಒರೆಸಿಕೊಂಡು, "ನಡೀರಿ ಅಯ್ನೋರೆ," ಎಂದ.

ಕಚೇರಿಯಲ್ಲಿ ಅವನು ಚಿತ್ರವನ್ನು ನೋಡಿದ್ದು ನಾನು ನೋಡಿದ ಹಾಗಲ್ಲ. ಮೂಸಿದ, ಓರೆಯಾಗಿ ಬೆಳಕಿಗೆ ಹಿಡಿದ, ಬೆರಳಿಗೆ ಎಂಜಲು ಹಚ್ಚಿ ಒಂದು ಮೂಲೆಯನ್ನು ತಿಕ್ಕಿ ನಾಲಿಗೆಗೆ ಮುಟ್ಟಿಸಿದ.

"ನಮ್ಮದೇ ಮಸಿ. ಹೋದ ಸುಗ್ಗೀಲಿ ಸರೇಸು ಜಾಸ್ತಿಯಾಗಿ ಕೆಟ್ಟಿತ್ತಲ್ಲ, ಆ ಪಾಕದ್ದು. ಸೊಕ್ಜಪ್ಪ ಒಬ್ರೇ ತಗಂಡಿದ್ದು."

"ಮತ್ತೇನು, ಮುಗೀತಲ್ಲ," ಎಂದೆ.

"ಈ ಗೀರು ಬೇರೇನಾ ಅಯ್ನೋರೆ?"

"ಬೇರಿನ ತೂಗಾಟ. ನಿನಗೆ ತಿಳಿಯೋದಲ್ಲ ಬಿಡು."

"ಹೌದಾ? ಎಲೆ ಬರ್ದ ಕೈ ಎಡದಿಂದ ಬಲಕ್ಕೆ ಹೋಗ್ಯದೆ. ಗೀರು ಬಲದಿಂದ ಎಡಕ್ಕೆ ಬಂದದೆ. ಬೇರಿನ ಹಸಿ ಮಸೀನೇ ಎಳ್ಕೊಂಡು ಬಂದದೆ ನೋಡಿ." ಅವನು ಉಗುರಿನಿಂದ ಒಣಗಿದ ಮಸಿಯೊಳಗೆ ಸಿಕ್ಕಿಕೊಂಡಿದ್ದ ಒಂದು ಎಳೆಯನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡ.

"ಕಾಗದದ ನಾರು," ಎಂದೆ.

"ಇರಬೌದು," ಎಂದು ಅದನ್ನು ಎಲೆಯೊಂದರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಸೊಕ್ಜುವಿನ ಕೋಣೆಯಿಂದ ತಂದಿದ್ದ ಮಸಿಕಡ್ಡಿಯನ್ನೂ ನೋಡಿದ. ಅದು ಅರ್ಧವೇ ಇತ್ತು. ತೇಯ್ದು ಸವೆದ ತುದಿ ನುಣ್ಣಗಿತ್ತು, ಇನ್ನೊಂದು ತುದಿ ಮುರಿದ ಬೆಲ್ಲದ ಹಾಗೆ ಒರಟಾಗಿತ್ತು.

ಸೆರೆಮನೆಯಲ್ಲಿ ಸೊಕ್ಜು ಹಲಗೆಯ ಭಾರಕ್ಕೆ ಗೋಡೆಗೆ ಒರಗಿದ್ದ. ತುಟಿ ಒಡೆದಿತ್ತು.

"ಸೊಕ್ಜಪ್ಪ, ಕಡ್ಡಿ ಯಾಕೆ ಮುರೀತು?"

"ಕೈಜಾರಿ ಬಿತ್ತು."

"ಇನ್ನರ್ಧ ಎಲ್ಲಿ?"

ಹುಡುಗ ಕಣ್ಣು ತಗ್ಗಿಸಿದ. "ನೆನಪಿಲ್ಲ." ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳು ಅದು, ನನಗೂ ಗೊತ್ತಾಯಿತು. ತಪ್ಪಿತಸ್ಥನೇ ಎಂದು ಮನಸ್ಸಿನಲ್ಲೇ ಖುಷಿಪಟ್ಟೆ.

"ಯಾರನ್ನಾರ ಕಾಪಾಡ್ತಿದ್ದೀರಾ?"

"ಕಾಪಾಡೋವಂಥದ್ದು ಏನೂ ಇಲ್ಲ. ಒಬ್ಬ ದೊಡ್ಡ ಮನುಷ್ಯನ ಹೆಸರನ್ನ ಈ ಕೊಳಕಿಗೆ ಎಳೆದು ತರೋದು ಬೇಡ, ಅಷ್ಟೆ."

ಮಾನ್ಪಿಲ್ ಸಿಕ್ಕಿದ್ದು ಹೆಂಡದಂಗಡಿಯಲ್ಲಿ, ಎದುರಿಗೆ ಅಕ್ಕಿಹೆಂಡದ ಬೋಗುಣಿ, ನಂಚಿಕೊಳ್ಳಲು ಹುಳಿಬರಿಸಿದ ಮೂಲಂಗಿ ಕಿಮ್ಚಿ. ನಮ್ಮನ್ನು ನೋಡಿದ್ದೇ ತಡ ಕೈ ಮೇಲೆತ್ತಿದ.

"ಬಂದ್ರಾ? ನಂಗೆ ಸೊಕ್ಜು ಮೇಲೆ ಹೊಟ್ಟೆಕಿಚ್ಚಿಲ್ಲ ಅಂದ್ರೆ ನನ್ನ ಹೊಟ್ಟೆನೇ ನಗುತ್ತೆ! ಮಸಿಗಲ್ಲು ಅವನಿಗೆ ಸಿಕ್ಕಿದ ದಿನ ಇದೇ ಜಾಗದಲ್ಲಿ ಕೂತು ಅವನ ಏಳು ತಲೆಮಾರನ್ನ ಬೈದಿದ್ದೀನಿ. ಇಡೀ ಊರು ಕೇಳಿದೆ. ಆದ್ರೆ ಗುಟ್ಟಾಗಿ ಮಾಡೋಷ್ಟು ತಾಳ್ಮೆ ನನಗೆಲ್ಲಿದೆ ಹೇಳಿ?"

ಚಿಲ್ಬೊಕ್ ನಕ್ಕ. "ಮಸಿಗಲ್ಲು ಅವರ್ಗೆ. ನಿಮ್ಗೇನು ಕೊಟ್ರು?"

"ಲಕ್ವ ಹೊಡಿಯೋದಕ್ಕೆ ಮುಂಚೆ ಗುರುಗಳು ಮೂವರಿಗೂ ಒಂದೊಂದು ಸೀತಾಳೆ ಬರ್ದಿದ್ರು. ಸೊಕ್ಜುಗೆ ಒಂದು ಕಡ್ಡಿಗೆ ಒಂದೇ ಹೂವು, ಅದು ಸಜ್ಜನ. ನಂಗೆ ಒಂದು ಕಡ್ಡಿಗೆ ಏಳು ಹೂವು, ವಾಚಾಳಿ ಅಂತ! ತೇಗ್ಯೊಮಣ್ಣನ ಚಿತ್ರ ನಾನೇ ಗುಡಿಸಲಿಗೆ ಒಯ್ದು ಕೊಟ್ಟೆ. ಅದ್ರಲ್ಲಿ ಸೀತಾಳೆ ಪಕ್ಕ ಮುಳ್ಳುಗಿಡ ಇತ್ತು. ಅಣ್ಣ ಮೂರು ಸಲ ಅಡ್ಡಬಿದ್ದು ಸುತ್ತಿಟ್ಟ. ತುಟಿಪಿಟಕ್ ಅನ್ಲಿಲ್ಲ."

ಸೀತಾಳೆಯ ಪಕ್ಕದ ಮುಳ್ಳು ಎಂದರೆ ಸಜ್ಜನನ ನೆರಳಲ್ಲಿ ಬದುಕುವ ಸಣ್ಣ ಮನುಷ್ಯ. ಗುರುಗಳ ಮನೆ ಬಿಟ್ಟ ದಿನ ನನಗೂ ಅಂಥದೇ ಚಿತ್ರ ಕೊಟ್ಟಿದ್ದರು. ಮೂವತ್ತು ವರ್ಷದಿಂದ ಅದು ನನ್ನ ಪೆಟ್ಟಿಗೆಯ ತಳದಲ್ಲಿ ಬಿದ್ದಿದೆ, ಆವತ್ತು ಮುಳ್ಳು ಕಂಡು ಸುತ್ತಿಟ್ಟ ಮೇಲೆ ಒಂದು ಸಲವೂ ಬಿಚ್ಚಿಲ್ಲ.

ಕಚೇರಿ ಎದುರಿನ ಕಡುಬಿನ ಅಜ್ಜಿಯನ್ನೂ ಚಿಲ್ಬೊಕ್ ಕೇಳಿದ. ಚಿತ್ರ ಸಿಕ್ಕಿದ ದಿನ ಅವಳು ಬೆಳಕು ಹರಿಯುವಾಗಲೇ ಬುಟ್ಟಿ ಇಳಿಸಿದ್ದಳು.

"ಸಂತೆ ದಿನ ಕಣಪ್ಪ, ಯಾರು ಬಂದ್ರು ಅಂತ ಹೇಳ್ಲಿ? ಉಪ್ಪಿನೋನು ಬಂದ, ಇಬ್ರು ಸನ್ಯಾಸಿಗಳು ಬಂದ್ರು, ಸೂತಕದೋನೊಬ್ಬ ದೊಡ್ಡ ಟೋಪಿ ಹಾಕ್ಕೊಂಡು ಹೋದ, ಈ ಮಾನ್ಪಿಲ್ ತೂರಾಡ್ಕೊಂಡು ಬಂದು ನನ್ನ ಕಡುಬು ತುಳ್ದ. ಅವನ್ನ ಮಾತ್ರ ಬಿಡ್ಬೇಡ!"

ನಾನು ಮಾನ್ಪಿಲ್‌ನ ಹೆಸರನ್ನು ಬರೆದುಕೊಂಡೆ. ಚಿಲ್ಬೊಕ್ ಬೆಟ್ಟದ ದಾರಿ ಹಿಡಿದ.

ತೇಗ್ಯೊಮ್‌ನನ್ನು ಕಂಡರೆ ಯಾರಿಗಾದರೂ ತಲೆ ತಾನೇ ಬಾಗುತ್ತಿತ್ತು. ಗಂಜಿ ಕುಡಿದೇ ಎರಡು ವರ್ಷ ಕಳೆದ ಮೈ, ಕೈಯಲ್ಲಿ ಬಿದಿರಿನ ಕೋಲು. ಒರಟು ಸೆಣಬಿನ ನಿಲುವಂಗಿ ಮಣ್ಣುಬಣ್ಣಕ್ಕೆ ತಿರುಗಿತ್ತು. ಅಪ್ಪನಿಗಾಗಿ ಉಡುವ ಆ ಬಟ್ಟೆಯ ಅಂಚನ್ನು ಹೊಲಿಯುವಂತಿಲ್ಲ. ತೋಳಿನ ತುದಿಯಿಂದ ಎಳೆಗಳು ಜೋತಾಡುತ್ತಿದ್ದವು. ಅವನು ಕೈಗಳನ್ನು ತೋಳೊಳಗೆ ಎಳೆದುಕೊಂಡು ಕೂತ. ಹೆಸರಿಗೆ ಮೂರು ವರ್ಷದ ವ್ರತ, ಎಣಿಕೆಗೆ ಇಪ್ಪತ್ತೇಳು ತಿಂಗಳು; ಮುಗಿಯಲು ಇನ್ನು ನಲವತ್ತೇ ದಿನ.

"ಸೊಕ್ಜು ಹೀಗ್ ಮಾಡ್ದ ಅಂದ್ರೆ ನಂಬೋಕಾಗಲ್ಲ," ಎಂದು ನಿಟ್ಟುಸಿರಿಟ್ಟ. "ವಾರಕ್ಕೊಂದ್ಸಲ ನಂಗೆ ಗಂಜಿ ತಂದುಕೊಡ್ತಿದ್ದ. ಪಾಪ, ಹುಟ್ಟಿನ ಸಂಕಟ ಒಳಗೇ ಬೇಯಿಸ್ತಿತ್ತೇನೋ."

"ನಿಮ್ಗೆ ಚಿತ್ರ ಬರೆಯಕ್ಕೆ ಮನಸ್ಸಾಗಲ್ವಾ ಬುದ್ಧಿ?" ಎಂದು ಚಿಲ್ಬೊಕ್ ಕೇಳಿದ.

"ಅಪ್ಪ ಸತ್ತೋನಿಗೆ ಚಿತ್ರ ಯಾಕಪ್ಪ? ಕುಂಚ ಮುಟ್ಟಿ ಎರಡು ವರ್ಷದ ಮೇಲಾಯ್ತು."

"ಸುಗ್ಗಿ ಪೂಜೆಗೆ ಸಮಾಧಿ ಮುಂದೆ ಓದೋ ಪ್ರಾರ್ಥನೆ ಯಾರು ಬರ್ದ್ರು?"

"ಮಗನಲ್ದೆ ಇನ್ಯಾರು ಬರೀತಾರೆ? ಅದೊಂದು ಬಿಟ್ರೆ."

ದಾರಿಯಲ್ಲಿ ನಾನು ಚಿಲ್ಬೊಕ್‌ಗೆ ಛೀಮಾರಿ ಹಾಕಿದೆ. "ಸೂತಕದಲ್ಲಿರೋರ ಹತ್ರ ಹೀಗಾ ಮಾತಾಡೋದು? ಅಂಥ ಮಗನ್ನ ಹೆತ್ತೋರು ಧನ್ಯರು."

"ಬೆಳ್ಳಗಿರೋದೆಲ್ಲ ಹಾಲಲ್ಲ ಅಯ್ನೋರೆ," ಎಂದ. "ನಾಳೆ ಬೆಳಿಗ್ಗೆ ಎಲ್ಲಾರ್ನೂ ಕಚೇರಿಗೆ ಕರೆಸೋಕೆ ಅಮಲ್ದಾರ್ರಿಗೆ ಹೇಳಿ. ಜಿನ್ ಗುರುಗಳ್ನೂ ಪಲ್ಲಕ್ಕೀಲಿ ಕರ್ಕೊಂಡ್ ಬರ್ಬೇಕು. ತೇಗ್ಯೊಮಪ್ಪ ಹಿರೀ ಶಿಷ್ಯ, ಅವ್ರ ಸಾಕ್ಷೀನೂ ಬೇಕು ಅನ್ನಿ."

ಮರುದಿನ ಕಾಗದ ಒಯ್ಯುವ ಕುದುರೆ ಅಂಗಳದಲ್ಲೇ ಕಾಲು ಕೆರೆಯುತ್ತ ನಿಂತಿತ್ತು. ಜಗಲಿಯ ಮೇಲೆ ಅಮಲ್ದಾರರು, ಪಕ್ಕದಲ್ಲಿ ದಿಂಬಿಗೊರಗಿ ಜಿನ್ ಗುರುಗಳು, ಕೆಳಗಿನ ಮೆಟ್ಟಿಲಲ್ಲಿ ನಾನು. ಚಿಲ್ಬೊಕ್‌ಗೆ ಜಗಲಿ ಹತ್ತುವ ಅರ್ಹತೆ ಇಲ್ಲ, ಅಂಗಳದಲ್ಲೇ ನಿಂತ. ಸೊಕ್ಜುವಿನ ತಾಯಿ ಬಾಗಿಲ ಕಂಬ ಹಿಡಿದುಕೊಂಡಿದ್ದಳು.

"ಮೊದ್ಲು ಒಂದೊಂದು ಸೀತಾಳೆ ಬರೀರಪ್ಪ," ಎಂದ ಚಿಲ್ಬೊಕ್.

ಮಾನ್ಪಿಲ್ ಗೊಣಗುತ್ತಲೇ ಬರೆದ. ಸೊಕ್ಜುವಿನ ಕುತ್ತಿಗೆಯ ಹಲಗೆ ತೆಗೆಸಿದರು. ಊದಿದ ಕೈಯಲ್ಲೇ ಬರೆದ. ಹಾಗಿದ್ದೂ ಎಲೆ ಜೀವಂತವಾಗಿತ್ತು. ನನಗೆ ಅಲ್ಲೂ ಕಿಚ್ಚು ಎದ್ದಿತು. ತೇಗ್ಯೊಮ್ ಕೋಲೂರಿ ನಿಂತೇ ಇದ್ದ. "ನಾನು ವ್ರತದಲ್ಲಿದ್ದೀನಿ, ಬರೆಯೋ ಹಾಗಿಲ್ಲ."

"ಗೊತ್ತು ಬುದ್ಧಿ. ಅಮಲ್ದಾರ್ರೇ, ಇಬ್ರೂ ಹೂವು ಬರ್ದವ್ರೆ, ನಾನು ಹೇಳ್ಲಿಲ್ಲ. ಹೂವಿನ ಎದೇಗೆ ಮೂರು ಬೊಟ್ಟು ಇಟ್ರೇನೆ ಈ ಮನೆಯೋರ್ಗೆ ಚಿತ್ರ ಮುಗ್ದಂಗೆ. ಬಾಗಿಲಿಗೆ ಅಂಟಿಸ್ದೋನು ಯಾಕೆ ಹೂವು ಬರೀಲಿಲ್ಲ?"

"ಪಂಡಿತ್ರು ಹೇಳಿದಾರಲ್ಲೋ, ದೊರೆಗೆ ಸಂತಾನ ಇಲ್ಲ ಅಂತ."

"ಪಂಡಿತ್ರನ್ನೇ ಕೇಳ್ತೀನಿ." ಅವನು ನನ್ನ ಕಡೆ ತಿರುಗಿದ. "ಅಯ್ನೋರೆ, ನೀವು ಶಾಸ್ತ್ರ ಓದ್ಕೊಂಡೋರು. ಅಪ್ಪ ಸತ್ತ ಮಗ ಮೂರು ವರ್ಷ ಏನೇನ್ ಮಾಡಬಾರ್ದು?"

ಇಷ್ಟು ಜನರ ಮುಂದೆ ನನ್ನ ಓದಿಗೆ ಒಂದು ಅವಕಾಶ! ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಮಾಂಸ ತಿನ್ನಬಾರದು, ಹೆಂಡ ಮುಟ್ಟಬಾರದು, ಹೆಂಡತಿಯ ಕೋಣೆಗೆ ಹೋಗಬಾರದು. ಸಂಗೀತ ಕೇಳಬಾರದು. ಬಟ್ಟೆಯ ಅಂಚು ಹೊಲಿಯಬಾರದು, ಒಗೆಯಬಾರದು, ಕತ್ತರಿಸಬಾರದು. ಹೂವು ಮುಡಿಯಬಾರದು, ಹೂವು ನೋಡಿ ಸಂತೋಷಪಡಬಾರದು, ಹೂವು..."

ನಾಲಿಗೆ ಅಲ್ಲಿಗೇ ನಿಂತಿತು. ಎಲ್ಲರ ಕಣ್ಣೂ ನಿಧಾನವಾಗಿ ಸೆಣಬಿನ ನಿಲುವಂಗಿಯ ಕಡೆ ಹೊರಳಿತು. ಮೂವತ್ತು ವರ್ಷದಿಂದ ಬಾಯಿಪಾಠ ಇದ್ದ ಸಾಲು! ನನ್ನ ಓದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಗಿತ್ತು.

"ಒಬ್ಬನ ತಲೆ ತೆಗ್ಸೋಕೆ ಕೈ ಹಿಂಜರೀಲಿಲ್ಲ," ಎಂದ ಚಿಲ್ಬೊಕ್. "ಅಪ್ಪನ ಸೂತಕದಲ್ಲಿ ಹೂವು ಬರೆಯೋಕೆ ಮಾತ್ರ ಹಿಂಜರೀತು."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ!" ತೇಗ್ಯೊಮ್ ಕೋಲು ಕುಟ್ಟಿದ. "ಹೂವಿಲ್ಲದ ಚಿತ್ರ ಯಾರು ಬೇಕಾದ್ರೂ ಬರೀಬಹುದು."

"ಹೌದು ಬುದ್ಧಿ, ಅದೊಂದ್ರಿಂದ್ಲೇ ಯಾರನ್ನೂ ಹಿಡಿಯೋಕಾಗಲ್ಲ. ಬೇರಿನ ಕೆಳಗಿನ ಗೀರು ಐತಲ್ಲ, ಅದು ಗಾಳೀಗೆ ತೂಗಿದ್ದಲ್ಲ. ಬರ್ದಾದ್ಮೇಲೆ ಕೈ ಹಿಂದಕ್ಕೆ ತಗೋವಾಗ ಹಸಿ ಮಸಿ ಮೇಲೆ ತೋಳಿನ ಎಳೆಗಳು ಎಳೆದಿದ್ದು. ಅದಕ್ಕೇ ಬಲದಿಂದ ಎಡಕ್ಕೆ ಬಂದದೆ. ಹೊಲಿದ ಅಂಚಿನ ತೋಳಾದ್ರೆ ಒಂದೇ ಪಟ್ಟೆ ಬೀಳ್ತಿತ್ತು. ಇದು ಬಾಚಣಿಗೆ ಎಳೆದಂಗೆ ಬಿದ್ದದೆ." ಅವನು ಸೊಂಟದಿಂದ ಎಲೆ ಬಿಚ್ಚಿ ಎಳೆಯನ್ನು ತೋರಿಸಿದ. "ಇದು ಮಸೀಲಿ ಸಿಕ್ಕಿತ್ತು. ಕಾಗದದ ನಾರಾದ್ರೆ ಬೆರಳಲ್ಲಿ ಪುಡಿಯಾಗ್ತದೆ. ಇದು ಹಿಂಜಿದ್ರೂ ಹರೀತಿಲ್ಲ. ಸೆಣಬು."

ಅಮಲ್ದಾರರು ಮುಂದಕ್ಕೆ ಬಾಗಿದರು. "ಊರಲ್ಲಿ ಇವನೊಬ್ಬನೇ ಸೂತಕದೋನಾ?"

"ಅಲ್ಲ. ಆದ್ರೆ ಜಿನ್ ಗುರುಗಳ ಎಲೆ ತಿರುಗ್ಸೋ ಸೂತಕದೋರು ಇವ್ರೊಬ್ರೇ. ಆವತ್ತು ಬೆಳಿಗ್ಗೆ ಕಡುಬಿನಜ್ಜಿ ಒಬ್ಬ ಸೂತಕದೋನ್ನ ನೋಡವ್ಳೆ, ಮುಖ ನೋಡಿಲ್ಲ. ಯಾರು ನೋಡ್ತಾರೆ? ದೊಡ್ಡ ಟೋಪಿ, ಮುಖಕ್ಕೆ ಅಡ್ಡ ಬೀಸಣಿಗೆ. ಸೂತಕದೋರ್ನ ಮಾತಾಡಿಸ್ಬಾರ್ದು ಅಂತ ನಾವೇ ತಿರುಗ್ಕೋತೀವಿ. ಇನ್ನು ಮಸಿ." ಅವನು ಅರ್ಧ ಕಡ್ಡಿಯನ್ನು ಎತ್ತಿ ಹಿಡಿದ. "ಇದು ಬಿದ್ದು ಒಡೆದಿದ್ದಲ್ಲ, ಬೇಕು ಅಂತ ಮುರ್ದಿದ್ದು. ಯಾರಿಗೆ ಕೊಟ್ರಿ ಸೊಕ್ಜಪ್ಪ?"

ಸೊಕ್ಜು ತಲೆ ಎತ್ತಲಿಲ್ಲ. "ಅಣ್ಣನಿಗೆ. ಸುಗ್ಗಿ ಪ್ರಾರ್ಥನೆ ಬರೆಯೋಕೆ. ಹತ್ತು ಹಾಳೆ ಕಾಗದಾನೂ. ಪಿತೃವ್ರತದಲ್ಲಿರೋರ ಹೆಸರನ್ನ ಸೆರೆಮನೇಲಿ ಹೇಗೆ ಎತ್ತಲಿ?"

"ಪ್ರಾರ್ಥನೆಗೆ ಗೋಧಿಕಾಳಷ್ಟು ಮಸಿ ಸಾಕು. ಮಿಕ್ಕಿದ್ದು ಎಲ್ಲಿ ಬುದ್ಧಿ?"

"ಎಸೆದೆ," ಎಂದ ತೇಗ್ಯೊಮ್. ಬಾಯಿತಪ್ಪಿ ಬಂದ ಮಾತು. ಆಮೇಲೆ ಎರಡು ಕೈಗಳನ್ನೂ ತೋಳೊಳಗೆ ಇನ್ನಷ್ಟು ಎಳೆದುಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಬಲಗಡೆ ತೋಳು ತೋರಿಸಿ. ಒಗೆಯಂಗಿಲ್ಲ, ಕತ್ತರಿಸಂಗಿಲ್ಲ. ಶಾಸ್ತ್ರ ನೀವು ಮೀರಲ್ಲ, ಗೊತ್ತು."

ಪ್ಯಾದೆಗಳು ಮುಟ್ಟುವ ಮೊದಲೇ ಅವನು ತಾನಾಗಿ ಕೈ ಚಾಚಿದ. ಎಳೆಗಳ ತುದಿ ಕಪ್ಪಾಗಿತ್ತು. ಚಿಲ್ಬೊಕ್ ಚಿತ್ರವನ್ನು ಆ ತೋಳಿನ ಕೆಳಗೆ ಹಿಡಿದ. ಎಂಟು ಕಪ್ಪು ಎಳೆ, ಎಂಟು ಗೀರು, ನಡುವೆ ಒಂದು ಕಡೆ ಎಳೆ ಕಿತ್ತು ಹೋಗಿ ಎರಡರಷ್ಟು ಅಂತರ. ಗೀರುಗಳಲ್ಲೂ ಅದೇ ಅಂತರ. ಹೊಂದಿ ಕೂತಿತು.

ತೇಗ್ಯೊಮ್ ನಿಂತಲ್ಲೇ ಮಂಡಿಯೂರಿದ. ಅವನು ನೋಡಿದ್ದು ಅಮಲ್ದಾರರನ್ನಲ್ಲ, ಗುರುಗಳನ್ನು.

"ಇಪ್ಪತ್ತು ವರ್ಷ ನಿಮ್ಮ ಮಸಿ ತೇಯ್ದೆ ಗುರುಗಳೇ. ನೀವು ಉಗುಳಿದ್ದನ್ನ ಬಾಚಿದೆ. ನಿನ್ನೆ ಮೊನ್ನೆ ಬಂದ ಇಟ್ಟುಕೊಂಡವಳ ಮಗನಿಗೆ ಒಂಟಿ ಹೂವಿನ ಸೀತಾಳೆ, ಮಸಿಗಲ್ಲು. ನನಗೆ ಮುಳ್ಳು! ನಾನು ಮುಳ್ಳಾ? ದಿನಾ ಅಪ್ಪನ ಸಮಾಧಿ ಮುಂದೆ ಕೂತು ಅದನ್ನೇ ಕೇಳ್ಕೋತಿದ್ದೆ. ಅವನು ಗಂಜಿ ತಂದಾಗೆಲ್ಲ ಗಂಟಲಲ್ಲಿ ಬೆಂಕಿ ಇಳೀತಿತ್ತು."

ಆ ಮಾತೆಲ್ಲ ನನ್ನದೇ. ಅವನು ಮಾಡಿದ, ನಾನು ಮಾಡಲಿಲ್ಲ. ವ್ಯತ್ಯಾಸ ಅಷ್ಟೇ. ಅಲ್ಲ, ನಾನೂ ಅರ್ಧ ಮಾಡಿದ್ದೆ. ಕಾಗದದಲ್ಲಿದ್ದ ಅರ್ಥ ನನ್ನದಾಗಿತ್ತು.

ಜಿನ್ ಗುರುಗಳ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮಾತು ತೊದಲುತ್ತಿತ್ತು. ನಾವೆಲ್ಲ ಬಾಗಿ ಕೇಳಬೇಕಾಯಿತು.

"ಲೋ... ಸೀತಾಳೆ ನೀನು ಕಣೋ. ಇಪ್ಪತ್ತು ವರ್ಷ ನಿನ್ನ ಬೈದೆ, ಚುಚ್ಚಿದೆ. ಬೇರೆ ಯಾರನ್ನೂ ಅಷ್ಟು ಚುಚ್ಚಿಲ್ಲ. ನೀನು ಬಿಟ್ಟು ಹೋಗ್ಲಿಲ್ಲ." ಉಸಿರು ತೆಗೆದುಕೊಂಡರು. "ಮುಳ್ಳು... ನಾನು."

ತೇಗ್ಯೊಮ್‌ನಿಂದ ಹೊರಟ ಸದ್ದು ಅಳುವೋ ನಗುವೋ ತಿಳಿಯಲಿಲ್ಲ. ಹಣೆಯನ್ನು ನೆಲಕ್ಕೆ ಒತ್ತಿದವನು ಬಹಳ ಹೊತ್ತು ಎತ್ತಲಿಲ್ಲ.

ಸುಳ್ಳು ಆಪಾದನೆ ಹೊರಿಸಿದವನಿಗೆ ಅದೇ ಆಪಾದನೆಯ ಶಿಕ್ಷೆ ಎಂದು ನಮ್ಮ ಕಾನೂನು. ಗುರುಗಳು ಕೈ ಜೋಡಿಸಿದ್ದರಿಂದ, ಅದಕ್ಕಿಂತ ಹೆಚ್ಚಾಗಿ ಸೊಕ್ಜು ಕಾಲಿಗೆ ಬಿದ್ದಿದ್ದರಿಂದ, ಅಮಲ್ದಾರರು ತಲೆ ಉಳಿಸಿ ದಕ್ಷಿಣದ ದ್ವೀಪಕ್ಕೆ ಗಡೀಪಾರು ಬರೆದರು. ಕಲ್ಲಿನ ದ್ವಾರದ ಮನವಿಯನ್ನು ಹರಿದು ಹಾಕಿದರು. ತೇಗ್ಯೊಮ್ ಕೇಳಿಕೊಂಡಿದ್ದು ಒಂದೇ: ನಲವತ್ತು ದಿನ ಬಿಡಿ, ವ್ರತ ಮುಗಿಸಿ ಹೋಗುತ್ತೇನೆ. ಅದಾಗಲಿಲ್ಲ. ಮಾರನೆಯ ದಿನವೇ ಅವನನ್ನು ಹೊರಡಿಸಿದರು.

ಆ ನಲವತ್ತು ದಿನ ಬೆಟ್ಟದ ಬುಡದ ಗುಡಿಸಲಿನಲ್ಲಿ ಕೂತು, ದಿನಾ ಸಮಾಧಿಯ ಮುಂದೆ ಅನ್ನದ ಬಟ್ಟಲಿಟ್ಟವನು ಸೊಕ್ಜು. ಸ್ವಂತ ಅಪ್ಪನನ್ನು ಅಪ್ಪ ಎಂದು ಕರೆಯಲಾಗದವನು ಇನ್ನೊಬ್ಬನ ಅಪ್ಪನ ಸೂತಕ ಮುಗಿಸಿದ. ಕೇಳಿದಾಗ, "ಅಣ್ಣ ಅಷ್ಟು ದೂರ ನಡೆದಿದ್ದು ವ್ಯರ್ಥ ಆಗಬಾರದಲ್ವಾ," ಎಂದನಂತೆ. ಇದಕ್ಕೂ ನನಗೆ ಹೊಟ್ಟೆ ಉರಿಯಿತು. ಆ ಮನಸ್ಸು ನನಗೆ ಯಾಕೆ ಬರಲಿಲ್ಲ ಎಂದು ಉರಿಯಿತು.

ನಲವತ್ತೊಂದನೆಯ ದಿನ ಮನೆಗೆ ಹೋಗಿ ಪೆಟ್ಟಿಗೆಯ ತಳದಿಂದ ಸುರುಳಿ ತೆಗೆದೆ. ಒಬ್ಬನೇ ಬಿಚ್ಚುವ ಧೈರ್ಯ ಸಾಲದೆ ಮಸಿಗುಡಿಸಲಿಗೆ ಒಯ್ದೆ. ಅಂಚು ಹುಳ ತಿಂದು ಜಾಲರಿಯಾಗಿತ್ತು. ಮೂರು ಮುಳ್ಳಿನ ಬಳ್ಳಿ, ಅವುಗಳ ನಡುವೆ ಸೀತಾಳೆ, ಒಂದು ಕಡ್ಡಿಗೆ ಒಂದೇ ಹೂವು. ಹೂವಿನ ಎದೆಯ ಮೂರು ಬೊಟ್ಟು ಇನ್ನೂ ಕಪ್ಪಾಗಿಯೇ ಇತ್ತು.

ಚಿಲ್ಬೊಕ್ ಮೂಸಿ ನೋಡಿದ. "ನಮ್ಮಪ್ಪನ ಮಸಿ ಇದು." ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದ, "ಇದ್ರಲ್ಲಿ ಮುಳ್ಳು ಯಾರು ಅಯ್ನೋರೆ?"

"ಮೂವತ್ತು ವರ್ಷ ನಾನೇ ಅಂದ್ಕೊಂಡಿದ್ದೆ," ಎಂದೆ. "ಈಗ ಗೊತ್ತಾಯ್ತು, ಮುಳ್ಳು ಅಂದ್ರೆ ನನ್ನನ್ನ ಚುಚ್ಚಿದೋರು. ಒಂದು ಗುರುಗಳು. ಒಂದು ನಾನು. ಈ ಉದ್ದನೇದು ಐತಲ್ಲ, ಇದು ನೀನೇ ಕಣೋ."

ಅವನು ಕಾಡಿಗೆಯ ಮುಖದಲ್ಲಿ ಹಲ್ಲೆಲ್ಲ ತೋರಿಸಿ ನಕ್ಕ, ಗೋಡೆಯ ಮೇಲೊಂದು ಮೊಳೆ ಹುಡುಕಿದ. ಚಿತ್ರ ಈಗ ಅಲ್ಲಿಯೇ ತೂಗುತ್ತಿದೆ. ಹೊಗೆ ಹಿಡಿಯುತ್ತದೆ, ಮನೆಗೆ ಒಯ್ಯಿರಿ ಎಂದು ಅವನು ವಾರಕ್ಕೊಮ್ಮೆ ಹೇಳುತ್ತಾನೆ. ನಾನು ದಿನವೂ ಅದನ್ನು ನೋಡಲು ಅಲ್ಲಿಗೇ ಹೋಗುತ್ತೇನೆ.